ಡಿಫರೆನ್ಷಿಯಲ್ ಎಣ್ಣೆಯ ಕಥೆ: ಗಂಧಕ, ತಿಮಿಂಗಿಲ ಮತ್ತು ಹಳೇ ಪಿಕಪ್

ಅಮೆರಿಕಾದ ಹಳೇ ಪಿಕಪ್ ಟ್ರಕ್ಕುಗಳ ಮಾಲೀಕರಿಗೆ ಇಂಜಿನ್ ಆಯಿಲ್ ವಿಷಯದಲ್ಲಿ ಏಕಾದಶಿ ವ್ರತದಷ್ಟೇ ನಿಷ್ಠೆ. ಇಷ್ಟು ಸಾವಿರ ಮೈಲಿ ಆಯಿತು ಅಂದರೆ ಬದಲಿಸಲೇಬೇಕು. ಆದರೆ ಅದೇ ಗಾಡಿಯ ಹಿಂದಿನ ಆಕ್ಸಲ್ಲಿನ ನಡುವೆ ಒಂದು ದಪ್ಪ ಗುಂಡು ಇರುತ್ತಲ್ಲ, ಅವರ ಆಡುಮಾತಿನಲ್ಲಿ ‘ಕುಂಬಳಕಾಯಿ’, ಅದರೊಳಗಿನ ಎಣ್ಣೆಯನ್ನು ಎಷ್ಟೋ ಜನ ಎರಡು ಲಕ್ಷ ಮೈಲಿ ಓಡಿಸಿದ ಮೇಲೂ ಒಮ್ಮೆಯೂ ನೋಡಿರುವುದಿಲ್ಲ. ಎರಡು ಲಕ್ಷ ಮೈಲಿ ಅಂದರೆ ಸುಮಾರು 3.2 ಲಕ್ಷ ಕಿಲೋಮೀಟರ್!

ಒಂದು ದಿನ ಹಿಂದಿನಿಂದ ಸಣ್ಣಗೆ ಊಳಿಡುವ ಸದ್ದು ಶುರುವಾಗುತ್ತೆ. ಆಗ ಅಂಗಡಿಗೆ ಓಡಿದರೆ ಕಪಾಟಿನ ತುಂಬಾ ಡಬ್ಬಿಗಳು. 80ಡಬ್ಲ್ಯೂ-90, 75ಡಬ್ಲ್ಯೂ-90, 75ಡಬ್ಲ್ಯೂ-140. ಒಂದರ ಮೇಲೆ ಜಿಎಲ್-4, ಇನ್ನೊಂದರ ಮೇಲೆ ಜಿಎಲ್-5. ಕೆಲವದರ ಮೇಲೆ ‘ಲಿಮಿಟೆಡ್ ಸ್ಲಿಪ್’ ಅಂತ ಬೇರೆ. ಯಾವುದನ್ನು ತಗೊಳ್ಳೋದು?

ಈ ಅಕ್ಷರ, ಅಂಕಿಗಳು ಒಂದೇ ದಿನ ಹುಟ್ಟಿದವಲ್ಲ. ಒಂದೊಂದೂ ಒಂದೊಂದು ಕಾಲದಲ್ಲಿ, ಏನೋ ಒಂದು ಮುರಿದ ಮೇಲೆ ಅಥವಾ ಏನೋ ಒಂದು ಸಿಗದೇ ಹೋದ ಮೇಲೆ ಸೇರಿಕೊಂಡದ್ದು. ಆ ಕಥೆ ಗೊತ್ತಿದ್ದರೆ ಡಬ್ಬಿ ಆರಿಸೋದು ಅಷ್ಟೇನೂ ಕಷ್ಟ ಅಲ್ಲ. ಹಾಗಾಗಿ ಮೊದಲು ಕಥೆ, ಆಮೇಲೆ ಸ್ಪಾನರ್.

ಎತ್ತಿನ ಗಾಡಿಗೆ ಇಲ್ಲದ ತಾಪತ್ರಯ

ಎತ್ತಿನ ಗಾಡಿಗೆ ಡಿಫರೆನ್ಷಿಯಲ್ ಬೇಕಿಲ್ಲ. ಅಚ್ಚು ತಿರುಗದೇ ನಿಂತಿರುತ್ತೆ, ಎರಡು ಚಕ್ರಗಳೂ ಅದರ ಮೇಲೆ ತಮ್ಮ ಪಾಡಿಗೆ ತಾವು ತಿರುಗುತ್ತವೆ. ತಿರುವಿನಲ್ಲಿ ಹೊರಗಿನ ಚಕ್ರ ಜಾಸ್ತಿ ದೂರ ಹೋಗಬೇಕು, ಹೋಗುತ್ತೆ. ಗಾಡಿ ಎಳೆಯೋದು ಎತ್ತು. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿ ಮಾಡಿದ ಕೀಲೆಣ್ಣೆ ಸವರಿದರೆ ಮುಗೀತು.

ತೊಂದರೆ ಶುರುವಾಗೋದು ಅಚ್ಚೇ ಚಕ್ರಗಳನ್ನು ತಿರುಗಿಸಬೇಕಾಗಿ ಬಂದಾಗ. ಎರಡೂ ಚಕ್ರಗಳನ್ನು ಒಂದೇ ಅಚ್ಚಿಗೆ ಬಿಗಿದರೆ ಎರಡೂ ಒಂದೇ ವೇಗದಲ್ಲಿ ತಿರುಗಬೇಕು. ತಿರುವಿನಲ್ಲಿ ಒಂದು ಚಕ್ರ ನೆಲಕ್ಕೆ ಉಜ್ಜಿಕೊಂಡೇ ಹೋಗಬೇಕು. 1820ರ ದಶಕದ ಕೊನೆಯಲ್ಲಿ ಪ್ಯಾರಿಸ್ಸಿನ ಒನೆಸಿಫೋರ್ ಪೆಕ್ಯೂರ್ ಎಂಬ ಯಂತ್ರತಜ್ಞ ಹಬೆಗಾಡಿಗೆಂದು ಇದಕ್ಕೊಂದು ಪರಿಹಾರ ಮಾಡಿದ. ಎರಡು ಚಕ್ರಗಳ ನಡುವೆ ಕೆಲವು ಪುಟ್ಟ ಗೇರುಗಳನ್ನಿಟ್ಟು, ಒಂದು ಚಕ್ರ ನಿಧಾನವಾದಷ್ಟು ಇನ್ನೊಂದು ಜೋರಾಗುವಂತೆ ಹೊಂದಿಸಿದ. ಇಂಗ್ಲೆಂಡಿನ ಕೊವೆಂಟ್ರಿಯ ಜೇಮ್ಸ್ ಸ್ಟಾರ್ಲಿ 1877ರಲ್ಲಿ ಅದನ್ನೇ ಮೂರು ಚಕ್ರದ ಸೈಕಲ್ಲಿಗೆ ತಂದ. ಮೋಟಾರು ಗಾಡಿಗಳು ಬಂದಾಗ ಡಿಫರೆನ್ಷಿಯಲ್ ಆಗಲೇ ತಯಾರಾಗಿತ್ತು.

ಆದರೆ ಪಿಕಪ್ಪಿನ ಹಿಂದಿನ ಗುಂಡಿನೊಳಗೆ ನಡೆಯೋದು ಈ ಒಂದೇ ಕೆಲಸ ಅಲ್ಲ. ಇಂಜಿನ್ನಿನಿಂದ ಉದ್ದಕ್ಕೆ ಬರುವ ತಿರುಗಾಟವನ್ನು 90 ಡಿಗ್ರಿ ಅಡ್ಡಕ್ಕೆ ತಿರುಗಿಸಬೇಕು. ವೇಗವನ್ನು ಮೂರು ನಾಲ್ಕು ಪಟ್ಟು ತಗ್ಗಿಸಿ ಬಲ ಹೆಚ್ಚಿಸಬೇಕು. ಈ ಎರಡನ್ನೂ ಮಾಡೋದು ಪಿನಿಯನ್ ಅನ್ನೋ ಚಿಕ್ಕ ಗೇರು ಮತ್ತು ಕ್ರೌನ್ ಅನ್ನೋ ದೊಡ್ಡ ಬಳೆಯಂಥ ಗೇರು. ನಮ್ಮ ಕಥೆ ನಡೆಯೋದು ಈ ಎರಡರ ಹಲ್ಲುಗಳು ಸೇರುವ ಜಾಗದಲ್ಲಿ. ಉಗುರಿನಷ್ಟು ಜಾಗ, ಇಡೀ ಗಾಡಿಯ ಭಾರ ಎಳೆಯೋ ಬಲವೆಲ್ಲ ಅಲ್ಲೇ.

ಒಂದೇ ಊರಿನ ಎರಡು ಕಾರ್ಖಾನೆ

ನ್ಯೂಯಾರ್ಕ್ ರಾಜ್ಯದಲ್ಲಿ ರಾಚೆಸ್ಟರ್ ಅಂತ ಒಂದು ಊರು. ಕೊಡಾಕ್ ಕ್ಯಾಮೆರಾದ ಊರು ಅಂದರೆ ಬೇಗ ಗೊತ್ತಾಗುತ್ತೆ. ಅಲ್ಲಿ 1866ರಲ್ಲಿ ವ್ಯಾಕ್ಯೂಮ್ ಆಯಿಲ್ ಕಂಪನಿ ಶುರುವಾಯಿತು. ಕುದುರೆ ಗಾಡಿಯ ಚರ್ಮದ ಪಟ್ಟಿಗಳಿಗೆ ಹಚ್ಚುವ ಎಣ್ಣೆ ಅದರ ಮೊದಮೊದಲ ಸರಕು. ಆಮೇಲೆ ಹಬೆಯಂತ್ರಗಳ ಸಿಲಿಂಡರಿಗೆ ‘600-ಡಬ್ಲ್ಯೂ’ ಅನ್ನೋ ಎಣ್ಣೆ ಮಾರಿತು. ಬಿಸಿ ಹಬೆಗೆ ತೊಳೆದು ಹೋಗದ, ಕಾಕಂಬಿಯಂತೆ ಮಂದವಾದ ಎಣ್ಣೆ. ಮುಂದೆ ಇದೇ ಕಂಪನಿ ಮೊಬಿಲ್ ಆಯಿತು.

ಕಾರುಗಳು ಬಂದಾಗ ಗೇರುಗಳಿಗೆ ಹೊಸ ಎಣ್ಣೆ ಯಾರೂ ಹುಡುಕಲಿಲ್ಲ. ಹಬೆಯಂತ್ರದ್ದನ್ನೇ ಸುರಿದರು. 1928ರಿಂದ 1931ರವರೆಗೆ ಬಂದ ಫೋರ್ಡ್ ಮಾಡೆಲ್ ಎ ಕಾರಿನ ಗೇರ್‌ಬಾಕ್ಸಿಗೂ ಹಿಂದಿನ ಆಕ್ಸಲ್ಲಿಗೂ 600-ಡಬ್ಲ್ಯೂ. ಈಗಲೂ ಆ ಹಳೇ ಕಾರುಗಳನ್ನು ಸಾಕುವವರು ಅದೇ ಹೆಸರಿನ ಎಣ್ಣೆ ಕೊಂಡು ಹಾಕುತ್ತಾರೆ. (ಈ ‘ಡಬ್ಲ್ಯೂ’ಗೂ ಈಗಿನ 75ಡಬ್ಲ್ಯೂನ ‘ಡಬ್ಲ್ಯೂ’ಗೂ ಸಂಬಂಧ ಇಲ್ಲ. ಅದು ಆಮೇಲೆ ಬರುತ್ತೆ.)

ಕಾರ್ಖಾನೆಯಲ್ಲೇ ಪಿಕಪ್ ಅಂತ ತಯಾರಾದ ಮೊದಲ ಫೋರ್ಡ್ ಬಂದದ್ದು 1925ರಲ್ಲಿ. ಮಾಡೆಲ್ ಟಿ ಕಾರಿಗೆ ಹಿಂದೊಂದು ಸಣ್ಣ ತೊಟ್ಟಿ ಕೂರಿಸಿ 281 ಡಾಲರಿಗೆ ಮಾರಿದರು. ಅದರ ಆಕ್ಸಲ್ಲಿನಲ್ಲಿ ಇದ್ದದ್ದು ನೇರ ಹಲ್ಲಿನ ಗೇರುಗಳು, ಪಿನಿಯನ್ನಿಗೆ 11 ಹಲ್ಲು, ಕ್ರೌನಿಗೆ 40. ನೇರ ಹಲ್ಲುಗಳು ಒಂದರ ಮೇಲೊಂದು ಹೆಚ್ಚಾಗಿ ಉರುಳಿಕೊಂಡು ಹೋಗುತ್ತವೆ, ಉಜ್ಜಾಟ ಕಡಿಮೆ. ಇಂಜಿನ್ನಿನ ಬಲವೂ 20 ಅಶ್ವಶಕ್ತಿ ಮಾತ್ರ. ಹಾಗಾಗಿ ಮಂದವಾದ ಯಾವ ಜಿಡ್ಡು ಹಾಕಿದರೂ ನಡೆಯುತ್ತಿತ್ತು. ಹಲ್ಲುಗಳ ನಡುವೆ ಎಣ್ಣೆಯ ಪದರ ನಿಂತರೆ ಸಾಕು. ಆಗಿನ ಮಟ್ಟಿಗೆ ಗೇರ್ ಆಯಿಲ್ ಅಂದರೆ ‘ಮಂದ’ ಅಂತ ಅರ್ಥ, ಅಷ್ಟೇ.

ಈಗ ಅದೇ ರಾಚೆಸ್ಟರಿನ ಇನ್ನೊಂದು ಕಾರ್ಖಾನೆಗೆ ಬರೋಣ. ವಿಲಿಯಂ ಗ್ಲೀಸನ್ ಎಂಬಾತ 1874ರಲ್ಲಿ ಬೆವೆಲ್ ಗೇರುಗಳ ಹಲ್ಲು ಕೊರೆಯುವ ಯಂತ್ರ ಮಾಡಿದ. ಬೆವೆಲ್ ಅಂದರೆ ಓರೆ, ತಿರುಗಾಟವನ್ನು ಅಡ್ಡಕ್ಕೆ ತಿರುಗಿಸುವ ಗೇರು. ಅವನ ಮಗಳು ಕೇಟ್ ಗ್ಲೀಸನ್ 1884ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ಇಂಜಿನಿಯರಿಂಗ್ ಓದಲು ಸೇರಿದಳು. ಅಲ್ಲಿ ಆ ವಿಷಯಕ್ಕೆ ಸೇರಿದ ಮೊದಲ ಹೆಣ್ಣುಮಗಳು ಅವಳೇ. ಆಮೇಲೆ ಅಪ್ಪನ ಯಂತ್ರಗಳನ್ನು ದೇಶ ವಿದೇಶ ಸುತ್ತಿ ಮಾರಿದ್ದೂ ಅವಳೇ. ಅಮೆರಿಕಾದ ಮೆಕ್ಯಾನಿಕಲ್ ಇಂಜಿನಿಯರುಗಳ ಸಂಘ 1914ರಲ್ಲಿ ಅವಳನ್ನು ಪೂರ್ಣ ಸದಸ್ಯೆಯಾಗಿ ಸೇರಿಸಿಕೊಂಡಿತು, ಅದೂ ಮೊದಲ ಸಲ ಒಬ್ಬ ಹೆಂಗಸನ್ನು. ಅದಿರಲಿ, ಗ್ಲೀಸನ್ ಕಾರ್ಖಾನೆ 1913ರ ಹೊತ್ತಿಗೆ ನೇರ ಹಲ್ಲಿನ ಬದಲು ಸುರುಳಿಯಾಗಿ ಬಾಗಿದ ಹಲ್ಲಿನ ಗೇರುಗಳನ್ನು ಕೊರೆಯುವ ಯಂತ್ರ ತಂದಿತು. ಸದ್ದು ಕಡಿಮೆಯಾಯಿತು, ಬಲ ಹೆಚ್ಚಾಯಿತು.

ಎಣ್ಣೆಗೆ ಇನ್ನೂ ಕಷ್ಟ ಬಂದಿರಲಿಲ್ಲ. ಅದು ಬಂದದ್ದು 1926ರಲ್ಲಿ.

ಗೇರು ಮೊದಲು, ಎಣ್ಣೆ ಆಮೇಲೆ

ಗ್ಲೀಸನ್ ಕಾರ್ಖಾನೆಯಲ್ಲಿ ಅರ್ನೆಸ್ಟ್ ವಿಲ್ಡ್‌ಹಾಬರ್ ಅಂತ ಸ್ವಿಟ್ಜರ್ಲೆಂಡಿನಿಂದ ಬಂದ ಒಬ್ಬ ಇಂಜಿನಿಯರ್ ಇದ್ದ. ಅವನ ಕೈಯಲ್ಲಿ ರೂಪುಗೊಂಡದ್ದು ಹೈಪಾಯ್ಡ್ ಗೇರು. ಅಲ್ಲಿಯವರೆಗೆ ಪಿನಿಯನ್ನು ಕ್ರೌನಿನ ಸರಿಯಾಗಿ ನಡುಮಟ್ಟಕ್ಕೆ ಬಂದು ಕೂರುತ್ತಿತ್ತು. ಹೈಪಾಯ್ಡಿನಲ್ಲಿ ಅದು ನಡುಮಟ್ಟಕ್ಕಿಂತ ಕೆಳಗೆ ಬಂದು ಕೂರುತ್ತೆ. ಪ್ಯಾಕರ್ಡ್ ಕಂಪನಿ 1926ರಲ್ಲಿ ಇದನ್ನು ತನ್ನ ಕಾರುಗಳಿಗೆ ಹಾಕಿತು. ಪಿನಿಯನ್ ಕೆಳಗಿಳಿದರೆ ಅದಕ್ಕೆ ಸೇರಿದ ಉದ್ದನೆಯ ದಂಡವೂ ಕೆಳಗಿಳಿಯುತ್ತೆ, ಅದರ ಮೇಲಿನ ಕಾರಿನ ನೆಲವೂ ಇಳಿಯುತ್ತೆ. ಕಾರು ತಗ್ಗಾಗಿ ಚೆಂದ ಕಾಣುತ್ತೆ! ಜೊತೆಗೆ ಪಿನಿಯನ್ನನ್ನು ಸ್ವಲ್ಪ ದಪ್ಪ ಮಾಡಬಹುದು, ಹಲ್ಲುಗಳು ಗಟ್ಟಿ, ಸದ್ದು ಕಡಿಮೆ. ಲಾಭದ ಮೇಲೆ ಲಾಭ.

ಆದರೆ ಪುಕ್ಕಟೆ ಏನೂ ಸಿಗಲಿಲ್ಲ. ಹೀಗೆ ಮಟ್ಟ ತಪ್ಪಿಸಿ ಕೂರಿಸಿದ ಹಲ್ಲುಗಳು ಉರುಳುವುದರ ಜೊತೆಗೆ ಒಂದರ ಮೇಲೊಂದು ಉದ್ದಕ್ಕೂ ಜಾರುತ್ತವೆ. ಭಾರ ಹೊತ್ತುಕೊಂಡೇ ಜಾರುತ್ತವೆ. ಈ ಜಾರುವಿಕೆ ನಡುವಿನ ಎಣ್ಣೆಯ ಪದರವನ್ನು ಒರೆಸಿಹಾಕುತ್ತೆ. ಉಕ್ಕಿಗೆ ಉಕ್ಕು ತಾಗಿದ ಕೂಡಲೇ ಆ ಕಣದಷ್ಟು ಜಾಗ ನೂರಾರು ಡಿಗ್ರಿ ಕಾಯುತ್ತೆ, ಎರಡೂ ಹಲ್ಲುಗಳು ಅಲ್ಲಿ ಕ್ಷಣಮಾತ್ರ ಬೆಸೆದುಕೊಳ್ಳುತ್ತವೆ, ಮರುಕ್ಷಣ ಕಿತ್ತು ಬರುತ್ತವೆ. ಹಲ್ಲಿನ ಮೇಲೆ ಗೀರು ಬೀಳುತ್ತೆ. ಎಣ್ಣೆಯನ್ನು ಇನ್ನಷ್ಟು ಮಂದ ಮಾಡಿದರೂ ಪ್ರಯೋಜನವಿಲ್ಲ.

ಇಲ್ಲಿ ಒಂದು ಸಂಗತಿ ಗಮನಿಸಿ. ಹೈಪಾಯ್ಡ್ ಗೇರನ್ನು ಅದರ ಎಣ್ಣೆಯಿಂದ ಬೇರೆ ಮಾಡಿ ನೋಡಲಿಕ್ಕೆ ಆಗೋದೇ ಇಲ್ಲ. ಮಾಡೆಲ್ ಟಿ ಆಕ್ಸಲ್ಲು ಕೆಟ್ಟ ಎಣ್ಣೆಯಲ್ಲೂ ಕುಂಟುತ್ತಾ ಓಡಬಲ್ಲದು. ಹೈಪಾಯ್ಡಿಗೆ ಅದು ಸಾಧ್ಯವಿಲ್ಲ. ಬೇರಿಂಗು, ಬೋಲ್ಟುಗಳ ಹಾಗೆ ಎಣ್ಣೆಯೂ ಅದರ ಒಂದು ಬಿಡಿಭಾಗ.

ಪರಿಹಾರ ಬಂದದ್ದು ರಸಾಯನಶಾಸ್ತ್ರದಿಂದ, ಅದರಲ್ಲೂ ಗಂಧಕದಿಂದ. ಎಣ್ಣೆಯಲ್ಲಿ ಗಂಧಕದ ಸಂಯುಕ್ತ ಬೆರೆಸಿಟ್ಟರೆ ತಣ್ಣಗಿರುವಾಗ ಅದು ಬಹುಮಟ್ಟಿಗೆ ಸುಮ್ಮನಿರುತ್ತೆ. ಹಲ್ಲುಗಳು ತಾಗಿ ಕಾದ ಜಾಗದಲ್ಲಿ ಮಾತ್ರ ಒಡೆದು ಕಬ್ಬಿಣದ ಜೊತೆ ಸೇರಿ, ತೆಳುವಾದ ಕಬ್ಬಿಣದ ಸಲ್ಫೈಡ್ ಪದರವಾಗುತ್ತೆ. ಮುಂದಿನ ಉಜ್ಜಾಟದಲ್ಲಿ ಉಕ್ಕಿನ ಬದಲು ಈ ಪದರ ಸವೆದು ಹೋಗುತ್ತೆ. ಮತ್ತೆ ಕಾದರೆ ಮತ್ತೆ ಪದರ. ಎಲ್ಲಿ ಉರಿಯೋ ಅಲ್ಲಿಗೇ ಹೋಗಿ ಕೂರುವ ಮುಲಾಮು! ಇದಕ್ಕೆ ‘ಎಕ್ಸ್‌ಟ್ರೀಮ್ ಪ್ರೆಶರ್’ ಅಂದರು, ಚಿಕ್ಕದಾಗಿ ಇಪಿ. ನಮ್ಮ ಗ್ಯಾರೇಜುಗಳಲ್ಲಿ ಕಾಣುವ ‘ಇಪಿ 90’ ಡಬ್ಬಿಯ ಇಪಿ ಇದೇ.

1930ರ ದಶಕದಲ್ಲಿ ಗಂಧಕದ ಜೊತೆ ಸೀಸದ ಸಾಬೂನು ಬೆರೆಸುತ್ತಿದ್ದರು. ಗಂಧಕ ಮತ್ತು ಕ್ಲೋರಿನ್ ಬೆರೆಸಿದ ಎಣ್ಣೆಗಳೂ ಬಂದವು. ಹಲ್ಲು ಉಳಿಯಿತು. ಆದರೆ ಸ್ವಲ್ಪ ನೀರು ಸೇರಿದರೂ ಒಳಗೆಲ್ಲಾ ತುಕ್ಕು, ಕಾದರೆ ಕೆಸರು, ತಾಮ್ರ ಸಿಕ್ಕಲ್ಲಿ ಕಪ್ಪು. ಒಂದು ರೋಗಕ್ಕೆ ಔಷಧಿ ಕೊಟ್ಟರೆ ಇನ್ನೊಂದು ರೋಗ.

ಜಿಎಲ್-4, ಜಿಎಲ್-5: ಹೊಸ ವರ್ಶನ್ ಅಂದುಕೊಂಡರೆ ಕೆಟ್ಟಿರಿ

ಎರಡನೇ ಮಹಾಯುದ್ಧ ಅಮೆರಿಕಾ ಸೈನ್ಯಕ್ಕೆ ಒಂದು ವಿಷಯ ಕಲಿಸಿತು. ಕಾರಿನ ಆಕ್ಸಲ್ಲು ಜೋರಾಗಿ ತಿರುಗುತ್ತೆ, ಅಲ್ಲಿನ ಅಪಾಯ ವೇಗ ಮತ್ತು ಥಟ್ಟನೆ ಬೀಳುವ ಹೊಡೆತ. ಟ್ರಕ್ಕಿನ ಆಕ್ಸಲ್ಲು ನಿಧಾನವಾಗಿ, ವಿಪರೀತ ಭಾರ ಹೊತ್ತು ತಿರುಗುತ್ತೆ. ಒಂದಕ್ಕೆ ಚೆನ್ನಾಗಿ ಹೊಂದಿದ ಎಣ್ಣೆ ಇನ್ನೊಂದರಲ್ಲಿ ಸೋಲಬಹುದು. ಯುದ್ಧಭೂಮಿಯಲ್ಲಿ ಜೀಪಿಗೊಂದು ಡಬ್ಬಿ, ಟ್ರಕ್ಕಿಗೊಂದು ಡಬ್ಬಿ ಹೊತ್ತು ತಿರುಗಲಿಕ್ಕೆ ಆಗುತ್ತಾ? ಎಲ್ಲಕ್ಕೂ ಆಗುವ ಒಂದೇ ಎಣ್ಣೆ ಬೇಕಿತ್ತು. ಆ ಹುಡುಕಾಟ ಮುಂದುವರಿದು 1950ರಲ್ಲಿ ಮಿಲ್-ಎಲ್-2105 ಅನ್ನೋ ಸೈನ್ಯದ ಮಾನದಂಡವಾಯಿತು. ಇದರ ಮಟ್ಟವೇ ಈಗಿನ ಜಿಎಲ್-4.

1950ರ ದಶಕದಲ್ಲಿ ಅಮೆರಿಕಾದ ಇಂಜಿನ್ನುಗಳು ದೊಡ್ಡದಾದವು. ವಿ8 ಇಂಜಿನ್ನಿನ ಬಲಕ್ಕೆ ಹಳೇ ಮಾನದಂಡದ ಎಣ್ಣೆ ಸಾಲದೇ ಹೋಯಿತು. 1962ರಲ್ಲಿ ಮಿಲ್-ಎಲ್-2105ಬಿ ಬಂತು. ಈ ಮಟ್ಟಕ್ಕೆ ಅಮೆರಿಕಾದ ಪೆಟ್ರೋಲಿಯಂ ಸಂಸ್ಥೆ ಎಪಿಐ ಕೊಟ್ಟ ಹೆಸರು ಜಿಎಲ್-5. ಇದನ್ನು ಮುಟ್ಟಲು ಎಣ್ಣೆ ಕೆಲವು ಪರೀಕ್ಷೆ ಪಾಸಾಗಬೇಕು. ಎಲ್-37 ಅನ್ನೋದು ನಿಧಾನ ವೇಗದಲ್ಲಿ ಭಾರೀ ಎಳೆತದ ಪರೀಕ್ಷೆ, ಎಲ್-42 ಅನ್ನೋದು ವೇಗ ಮತ್ತು ಹೊಡೆತದ ಪರೀಕ್ಷೆ. ಚೆಂದ ಏನು ಗೊತ್ತಾ? ಎಲ್-37 ನಡೆಯುವುದು ಡಾನಾ 60 ಆಕ್ಸಲ್ಲಿನಲ್ಲಿ, ಎಲ್-42 ಡಾನಾ 44ರಲ್ಲಿ. ಇವೆರಡೂ ಅಮೆರಿಕಾದ ಪಿಕಪ್ಪುಗಳ ಕೆಳಗೆ ದಶಕಗಟ್ಟಲೆ ಓಡಿದ ಆಕ್ಸಲ್ಲುಗಳು. ಪರೀಕ್ಷೆ ಮುಗಿದ ಮೇಲೆ ಗೇರು ಬಿಚ್ಚಿ, ಹಲ್ಲಿನ ಮೇಲೆ ಗೀರು, ಗುಳಿ, ಏರಿಳಿತ ಎಷ್ಟಿದೆ ಅಂತ ನೋಡಿ ಅಂಕ ಕೊಡುತ್ತಾರೆ.

ನಮ್ಮಂಥ ಸಾಫ್ಟ್‌ವೇರ್ ಮಂದಿಗೆ ಇಲ್ಲೊಂದು ಹಳ್ಳ ಇದೆ. ನಾಲ್ಕಕ್ಕಿಂತ ಐದು ದೊಡ್ಡದು, ಹಾಗಾಗಿ ಜಿಎಲ್-5 ಅಂದರೆ ಜಿಎಲ್-4ರ ಹೊಸ ವರ್ಶನ್, ಎಲ್ಲಾ ಕಡೆ ಹಾಕಬಹುದು ಅನಿಸುತ್ತೆ. ಹಾಗಲ್ಲ :) ಜಿಎಲ್-5ರಲ್ಲಿ ಇಪಿ ರಾಸಾಯನಿಕ ಸುಮಾರು ದುಪ್ಪಟ್ಟು. ಉಕ್ಕಿನ ಹೈಪಾಯ್ಡ್ ಹಲ್ಲಿಗೆ ಅದು ಅಮೃತ. ಆದರೆ ಹಳೇ ಮ್ಯಾನ್ಯುಯಲ್ ಗೇರ್‌ಬಾಕ್ಸಿನಲ್ಲಿ ಗೇರುಗಳ ವೇಗ ಹೊಂದಿಸಲು ಹಿತ್ತಾಳೆಯ ಬಳೆಗಳಿರುತ್ತವೆ. ಗಂಧಕಕ್ಕೂ ತಾಮ್ರಕ್ಕೂ ಇರುವ ಸಲಿಗೆ ಎಲ್ಲರಿಗೂ ಗೊತ್ತಿದ್ದದ್ದೇ. ಗಂಧಕ ಹಿಡಿದ ಪದರ ಉಕ್ಕಿನ ಮೇಲಿದ್ದರೆ ರಕ್ಷಣೆ, ಮೆತ್ತಗಿನ ಹಿತ್ತಾಳೆಯ ಮೇಲಿದ್ದರೆ ಅದು ಹಿತ್ತಾಳೆಯನ್ನೇ ಕಿತ್ತುಕೊಂಡು ಬರುತ್ತೆ. ಆದ್ದರಿಂದ ಹೈಪಾಯ್ಡ್ ಆಕ್ಸಲ್ಲಿಗೆ ಜಿಎಲ್-5, ಗೇರ್‌ಬಾಕ್ಸಿಗೆ ಅದರ ಮ್ಯಾನ್ಯುಯಲ್ ಹೇಳಿದ್ದು. ಆಕ್ಸಲ್ಲಿಗೆ ತಂದು ಮಿಕ್ಕಿದ್ದನ್ನು ಗೇರ್‌ಬಾಕ್ಸಿಗೆ ಸುರಿಯುವ ಆಸೆ ಬೇಡ.

ತಿಮಿಂಗಿಲದ ಪಾಲು

ಡಿಫರೆನ್ಷಿಯಲ್ಲಿಗೆ ಒಂದು ದೌರ್ಬಲ್ಯ ಇದೆ. ಒಂದು ಚಕ್ರ ಕೆಸರಲ್ಲಿ ಜಾರಿದರೆ ಅದೇ ಗಿರಗಿರ ತಿರುಗುತ್ತೆ, ಗಟ್ಟಿ ನೆಲದ ಮೇಲಿರುವ ಇನ್ನೊಂದು ಚಕ್ರ ಸುಮ್ಮನೆ ನಿಲ್ಲುತ್ತೆ. ಇದಕ್ಕೆ ಪರಿಹಾರವಾಗಿ ಒಳಗೆ ಪುಟ್ಟ ಕ್ಲಚ್ ಬಿಲ್ಲೆಗಳನ್ನಿಟ್ಟು, ಒಂದು ಚಕ್ರ ಅತಿಯಾಗಿ ಜಾರದಂತೆ ಹಿಡಿಯುವ ‘ಲಿಮಿಟೆಡ್ ಸ್ಲಿಪ್’ ಡಿಫರೆನ್ಷಿಯಲ್ 1956ರಲ್ಲಿ ಪ್ಯಾಕರ್ಡ್, ಸ್ಟುಡ್‌ಬೇಕರ್ ಕಾರುಗಳಲ್ಲಿ ಬಂತು. ಬೇಗನೇ ಬೇರೆಯವರೂ ತಂದರು, ಪಿಕಪ್ಪುಗಳಿಗೂ ಇಳಿಯಿತು.

ಈ ಬಿಲ್ಲೆಗಳಿಗೆ ಎಣ್ಣೆ ಒಂದು ವಿಚಿತ್ರ ಕೆಲಸ ಮಾಡಬೇಕು. ಹಿಡಿತವೂ ಇರಬೇಕು, ಆದರೆ ತಿರುವಿನಲ್ಲಿ ಹಿಡಿದು ಬಿಟ್ಟು ಹಿಡಿದು ಬಿಟ್ಟು ನಡುಗದೇ ನಯವಾಗಿ ಜಾರಬೇಕು. ಇದಕ್ಕೆ ಹೇಳಿ ಮಾಡಿಸಿದಂಥ ವಸ್ತು ಆಗಲೇ ಸಮುದ್ರದಲ್ಲಿತ್ತು. ಸ್ಪರ್ಮ್ ತಿಮಿಂಗಿಲದ ತಲೆಯ ಎಣ್ಣೆ. 1851ರ ಮೋಬಿ ಡಿಕ್ ಕಾದಂಬರಿಯ ತಿಮಿಂಗಿಲ ಇದೇ ಜಾತಿಯದು. ಕಡಲೆಕಾಯಿ ಎಣ್ಣೆಯಂಥ ಕೊಬ್ಬಿಗಿಂತ ಇದರ ರಚನೆ ಬೇರೆ, ಇದು ದ್ರವರೂಪದ ಮೇಣ. ಬೇಗ ಕೆಡುವುದಿಲ್ಲ, ಲೋಹಕ್ಕೆ ಅಂಟಿ ನಿಲ್ಲುತ್ತೆ, ಗಂಧಕವನ್ನೂ ಚೆನ್ನಾಗಿ ಹೊತ್ತುಕೊಳ್ಳುತ್ತೆ. ದೀಪಕ್ಕೆ ಸೀಮೆಎಣ್ಣೆ ಬಂದ ಮೇಲೆ ತಿಮಿಂಗಿಲ ಬೇಟೆ ನಿಂತಿತು ಅಂತ ನಾವು ಅಂದುಕೊಂಡಿರುತ್ತೇವೆ. ನಿಜಕ್ಕೂ 20ನೇ ಶತಮಾನದಲ್ಲಿ ಆಟೋಮ್ಯಾಟಿಕ್ ಗೇರ್‌ಬಾಕ್ಸ್, ಗೇರ್ ಆಯಿಲ್, ಲಿಮಿಟೆಡ್ ಸ್ಲಿಪ್ ಎಲ್ಲದರಲ್ಲೂ ಗಂಧಕ ಬೆರೆಸಿದ ಈ ಎಣ್ಣೆ ಇತ್ತು. ಅಮೆರಿಕಾ ಸರ್ಕಾರ ಯುದ್ಧಕಾಲದ ತುರ್ತು ದಾಸ್ತಾನಿನಲ್ಲೂ ಇದನ್ನು ಇಟ್ಟುಕೊಂಡಿತ್ತು!

1970ರಲ್ಲಿ ಅಮೆರಿಕಾ ಸ್ಪರ್ಮ್ ತಿಮಿಂಗಿಲವನ್ನು ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿಸಿತು. 1973ರ ಕಾಯ್ದೆ ಇನ್ನಷ್ಟು ಬಿಗಿಯಾಯಿತು. ಎಣ್ಣೆ ಕಂಪನಿಗಳು ಬದಲಿ ಹುಡುಕಬೇಕಾಯಿತು. ಮರುಭೂಮಿಯ ಗಿಡವೊಂದರ ಬೀಜದಲ್ಲಿ ಅದೇ ಬಗೆಯ ದ್ರವಮೇಣ ಸಿಕ್ಕಿತು. ಅದೇ ಹೊಹೊಬಾ, ನಾವು ಜೊಜೊಬಾ ಅಂತ ಓದಿ ತಲೆಗೆ ಹಚ್ಚಿಕೊಳ್ಳುವುದು. ಪ್ರಯೋಗಶಾಲೆಯಲ್ಲಿ ತಯಾರಾದ ಎಸ್ಟರುಗಳೂ ಬಂದವು. ಹಳೇ ಸೀಸವೂ ಕ್ಲೋರಿನ್ನೂ ಗೇರ್ ಆಯಿಲಿನಿಂದ ಹೊರಬಿದ್ದು ಗಂಧಕ ಮತ್ತು ರಂಜಕದ ಜೋಡಿ ಉಳಿಯಿತು. ಇವತ್ತು ಡಬ್ಬಿ ತೆರೆದರೆ ಮೂಗಿಗೆ ಬಡಿಯುವ ಆ ಕೊಳೆತ ವಾಸನೆ ಇದರದ್ದೇ. ಬಟ್ಟೆಗೆ ತಾಗಿದರೆ ವಾರಗಟ್ಟಲೆ ಹೋಗೋದಿಲ್ಲ, ಎಚ್ಚರ.

ಡಬ್ಬಿಯ ಮೇಲೆ ‘ಲಿಮಿಟೆಡ್ ಸ್ಲಿಪ್’ ಅಂತ ಇದ್ದರೆ, ಅಥವಾ ‘ಫ್ರಿಕ್ಷನ್ ಮಾಡಿಫೈಯರ್’ ಅಂತ ಪುಟ್ಟ ಬಾಟಲಿ ಪಕ್ಕದಲ್ಲಿದ್ದರೆ, ಅದು ಮಾಡುವುದು ಆ ತಿಮಿಂಗಿಲದ ಕೆಲಸ.

90 ಅಂದರೆ ಎಷ್ಟು ಮಂದ?

ಇಂಜಿನ್ನಿಗೆ 10ಡಬ್ಲ್ಯೂ-40, ಆಕ್ಸಲ್ಲಿಗೆ 75ಡಬ್ಲ್ಯೂ-90. ಎರಡನೆಯದು ಎರಡು ಪಟ್ಟು ಮಂದ ಅನಿಸುತ್ತಲ್ಲ? ಅಲ್ಲ. ಇವೆರಡೂ ಬೇರೆ ಬೇರೆ ಅಳತೆಕೋಲು. ಎಸ್‌ಎಇ ಅನ್ನೋ ಇಂಜಿನಿಯರುಗಳ ಸಂಘ ಒಂದರ ಡಬ್ಬಿಯನ್ನು ಇನ್ನೊಂದು ಅಂದುಕೊಳ್ಳಬಾರದು ಅಂತ ಗೇರ್ ಆಯಿಲಿಗೆ ದೊಡ್ಡ ಅಂಕಿಗಳನ್ನು ಇಟ್ಟಿತು. 100 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಗೇರ್ ಆಯಿಲ್ 90ರ ಸ್ನಿಗ್ಧತೆ 13.5ರಿಂದ 18.5 ಸೆಂಟಿಸ್ಟೋಕ್. ಇಂಜಿನ್ ಆಯಿಲ್ 40ರದ್ದು 12.5ರಿಂದ 16.3. ಹೆಚ್ಚು ಕಮ್ಮಿ ಅಣ್ಣತಮ್ಮಂದಿರು. 140 ಮಾತ್ರ ನಿಜವಾಗಿಯೂ ಮಂದ, 24ರಿಂದ 32.5.

‘ಡಬ್ಲ್ಯೂ’ ಇರುವ ಅಂಕಿ ಚಳಿಗಾಲದ್ದು. 75ಡಬ್ಲ್ಯೂ ಎಣ್ಣೆ ಮೈನಸ್ 40 ಡಿಗ್ರಿಯಲ್ಲೂ, 80ಡಬ್ಲ್ಯೂ ಮೈನಸ್ 26ರಲ್ಲೂ, 85ಡಬ್ಲ್ಯೂ ಮೈನಸ್ 12ರಲ್ಲೂ 1,50,000 ಸೆಂಟಿಪಾಯ್ಸ್ ಅನ್ನೋ ಮಿತಿ ದಾಟುವಂತಿಲ್ಲ. ಈ ಮಿತಿ ಬಂದದ್ದೂ ಒಂದು ಸೋಲಿನಿಂದಲೇ. ಒಂದು ಬಗೆಯ ಆಕ್ಸಲ್ಲಿನ ಮೇಲೆ ಪ್ರಯೋಗ ಮಾಡಿದಾಗ ಇದಕ್ಕಿಂತ ಮಂದವಾದ ಎಣ್ಣೆಯಲ್ಲಿ ಪಿನಿಯನ್ನಿನ ಬೇರಿಂಗ್ ಕೆಟ್ಟುಹೋಯಿತು. ಹೆಪ್ಪುಗಟ್ಟಿದ ಎಣ್ಣೆಯಲ್ಲಿ ಕ್ರೌನು ತನಗೊಂದು ಕಾಲುವೆ ಕೊರೆದುಕೊಂಡು ತಿರುಗುತ್ತೆ, ಎಣ್ಣೆ ಮೇಲೆ ಚಿಮ್ಮಿ ಬೇರಿಂಗಿಗೆ ಹೋಗೋದೇ ಇಲ್ಲ.

1973ರ ತೈಲ ಬಿಕ್ಕಟ್ಟು, ಅದರ ಹಿಂದೆಯೇ 1975ರಲ್ಲಿ ಬಂದ ಇಂಧನ ಮಿತವ್ಯಯದ ಕಾನೂನು ಅಮೆರಿಕಾದ ಕಂಪನಿಗಳನ್ನು ತೆಳು ಎಣ್ಣೆಯ ಕಡೆ ತಳ್ಳಿದವು. ಮಂದ ಎಣ್ಣೆಯನ್ನು ಕಲಕುವುದಕ್ಕೂ ಪೆಟ್ರೋಲ್ ಬೇಕಲ್ಲ. 1976ರ ಮಿಲ್-ಎಲ್-2105ಸಿ ಮಾನದಂಡದಲ್ಲಿ 75ಡಬ್ಲ್ಯೂ, 80ಡಬ್ಲ್ಯೂ-90, 85ಡಬ್ಲ್ಯೂ-140 ಅಂತ ಮೂರು ದರ್ಜೆ ಬಂದವು. ಸಿಂಥೆಟಿಕ್ ಎಣ್ಣೆಗಳು ಬಂದ ಮೇಲೆ ಚಳಿಯಲ್ಲಿ 75ಡಬ್ಲ್ಯೂನಂತೆ ಹರಿದು, ಕಾದಾಗ 140ರಂತೆ ನಿಲ್ಲುವ 75ಡಬ್ಲ್ಯೂ-140 ಸಾಧ್ಯವಾಯಿತು. ಈಚಿನ ಕೆಲವು ಪಿಕಪ್ಪುಗಳಿಗೆ ಇನ್ನೂ ತೆಳುವಾದ 75ಡಬ್ಲ್ಯೂ-85 ಹೇಳುತ್ತಾರೆ.

ಹಾಗಾದರೆ ಹಳೇ ಗಾಡಿಗೆ ಯಾವುದು?

ಮೊದಲನೆಯದು, ಗಾಡಿ ತಯಾರಾದ ವರ್ಷದ ಮ್ಯಾನ್ಯುಯಲ್ ನೋಡಿ. ಆಕ್ಸಲ್ ವಿನ್ಯಾಸ ಮಾಡಿದವರು ಒಂದು ಮಂದ ಎಣ್ಣೆಯನ್ನು ಲೆಕ್ಕಕ್ಕೆ ತಗೊಂಡೇ ಬೇರಿಂಗ್ ಕೂರಿಸಿರುತ್ತಾರೆ. ಅವರು 75ಡಬ್ಲ್ಯೂ-140 ಸಿಂಥೆಟಿಕ್ ಅಂದಿದ್ದರೆ ಅಗ್ಗ ಅಂತ 80ಡಬ್ಲ್ಯೂ-90 ಹಾಕಬೇಡಿ. 80ಡಬ್ಲ್ಯೂ-90 ಅಂದಿದ್ದರೆ, ಬರೀ ಪೇಟೆ ಓಡಾಟಕ್ಕೆ ಅದೇ ದರ್ಜೆಯ ಸಿಂಥೆಟಿಕ್ 75ಡಬ್ಲ್ಯೂ-90 ಚೆನ್ನಾಗಿಯೇ ನಡೆಯುತ್ತೆ.

ಎರಡನೆಯದು, ಒಳಗಿರುವುದು ಲಿಮಿಟೆಡ್ ಸ್ಲಿಪ್ಪೋ ಅಲ್ಲವೋ ತಿಳಿದುಕೊಳ್ಳಿ. ಹಳೇ ಫೋರ್ಡ್ ಆಕ್ಸಲ್ಲಿನ ಬೋಲ್ಟಿಗೆ ಸಿಕ್ಕಿಸಿದ ತಗಡಿನ ಚೀಟಿಯಲ್ಲಿ ಗೇರಿನ ಅನುಪಾತ ಇರುತ್ತೆ. ಅಂಕಿಗಳ ನಡುವೆ ಎಲ್ ಅಕ್ಷರ ಇದ್ದರೆ, ಅಂದರೆ ‘3ಎಲ್73’ ಅಂತಿದ್ದರೆ ಅದು ಲಿಮಿಟೆಡ್ ಸ್ಲಿಪ್, ಅದಕ್ಕೆ ಮಾಡಿಫೈಯರ್ ಬೇಕು. ಜನರಲ್ ಮೋಟರ್ಸ್ ಪಿಕಪ್ಪಿನ ಡ್ಯಾಶ್‌ಬೋರ್ಡ್ ಪೆಟ್ಟಿಗೆಯ ಚೀಟಿಯಲ್ಲಿ ಜಿ80 ಅಂತಿದ್ದರೆ ಅದು ಲಾಕ್ ಆಗುವ ಬೇರೆ ಬಗೆ. ಅದನ್ನು ಮಾಡುವ ಈಟನ್ ಕಂಪನಿ ಮಾಡಿಫೈಯರ್ ಬೇಡ ಅನ್ನುತ್ತೆ. ಹಿಂದಿನ ಮಾಲೀಕರು ಆಕ್ಸಲ್ಲನ್ನೇ ಬದಲಿಸಿರಬಹುದು, ಹಾಗಾಗಿ ಚೀಟಿಯನ್ನು ನಂಬಿ, ಆದರೆ ಮುಚ್ಚಳ ತೆಗೆದಾಗ ಕಣ್ಣಿಂದ ನೋಡಿ ಖಾತ್ರಿ ಮಾಡಿಕೊಳ್ಳಿ.

ಮೂರನೆಯದು, ಭಾರ. ದೋಣಿಯನ್ನೋ ಕುದುರೆ ಪೆಟ್ಟಿಗೆಯನ್ನೋ ಎಳೆದುಕೊಂಡು ಗುಡ್ಡ ಹತ್ತುವ ಗಾಡಿಯಲ್ಲಿ ಎಣ್ಣೆ ಸದಾ ಕಾದಿರುತ್ತೆ. ಶಾಖ ಪ್ರತಿ 10 ಡಿಗ್ರಿ ಏರಿದಾಗ ಎಣ್ಣೆ ಕೆಡುವ ವೇಗ ಸುಮಾರು ದುಪ್ಪಟ್ಟಾಗುತ್ತೆ ಅನ್ನೋದು ರೂಢಿಯ ಲೆಕ್ಕ. ಮ್ಯಾನ್ಯುಯಲ್ಲಿನಲ್ಲಿ ಸಾಮಾನ್ಯ ಬಳಕೆಗೊಂದು, ಕಠಿಣ ಬಳಕೆಗೊಂದು ಅಂತ ಎರಡು ಪಟ್ಟಿ ಇರುತ್ತೆ. ಎಳೆಯುವ ಗಾಡಿ ಎರಡನೇ ಪಟ್ಟಿಗೆ ಸೇರಿದ್ದು.

ಕೆಲವು ಮ್ಯಾನ್ಯುಯಲ್ಲುಗಳು ‘ಜೀವಮಾನಕ್ಕೆ ಸಾಕು’ ಅನ್ನುತ್ತವೆ. ಯಾರ ಜೀವಮಾನ? ಮೊದಲ ಮಾಲೀಕರ ಕೈಯಲ್ಲಿ ಇರುವವರೆಗೆ ಬಹುಶಃ ಸಾಕು. ಮೂರನೇ ಮಾಲೀಕರ ಕೈಗೆ ಎರಡು ಲಕ್ಷ ಮೈಲಿಗೆ ಬಂದ ಗಾಡಿಗೆ ಆ ಮಾತು ಅನ್ವಯಿಸೋದಿಲ್ಲ.

ಇನ್ನು ಊಳಿಡುವ ಆಕ್ಸಲ್ಲಿಗೆ 140 ಹಾಕಿದರೆ ಸದ್ದು ಹೋಗುತ್ತೆ ಅಂತ ಹೇಳುವವರಿದ್ದಾರೆ. ಸ್ವಲ್ಪ ತಗ್ಗಬಹುದು. ಆದರೆ ಸವೆದ ಹಲ್ಲು ಬೆಳೆಯೋದಿಲ್ಲ, ಸಡಿಲವಾದ ಬೇರಿಂಗ್ ಬಿಗಿಯಾಗೋದಿಲ್ಲ. ಸದ್ದು ಮುಚ್ಚಿದರೆ ಎಚ್ಚರಿಕೆಯೂ ಮುಚ್ಚಿದಂತೆ. ಎಷ್ಟೋ ಪಿಕಪ್ಪುಗಳಲ್ಲಿ ಹಿಂದಿನ ಚಕ್ರದ ಬೇರಿಂಗುಗಳಿಗೂ ಇದೇ ಎಣ್ಣೆ. ಅದು ಸೀಲಿನಿಂದ ಸೋರಿ ಬ್ರೇಕಿನ ಮೇಲೆ ಬಿದ್ದರೆ ಬ್ರೇಕ್ ಹಿಡಿಯೋದಿಲ್ಲ. ಎಣ್ಣೆಯ ಮಟ್ಟ ಇಳಿದು ಪಿನಿಯನ್ ಬೇರಿಂಗ್ ಕಚ್ಚಿಕೊಂಡರೆ ಹೈವೇಯಲ್ಲಿ ಹಿಂದಿನ ಚಕ್ರಗಳೇ ನಿಲ್ಲಬಹುದು. ನೂರು ಡಾಲರಿನೊಳಗೆ ಮುಗಿಯುವ ಕೆಲಸವನ್ನು ಮುಂದೂಡಿದರೆ ಆಗೋದು ಇದು.

ಬದಲಿಸುವಾಗ

ಹತ್ತು ಮೈಲಿ ಓಡಿಸಿ ಎಣ್ಣೆ ಬೆಚ್ಚಗೆ ಮಾಡಿಕೊಳ್ಳಿ. ಸಮತಟ್ಟಾದ ಜಾಗದಲ್ಲಿ, ಗಟ್ಟಿ ಸ್ಟ್ಯಾಂಡುಗಳ ಮೇಲೆ ಗಾಡಿ ನಿಲ್ಲಿಸಿ. ಬರೀ ಜ್ಯಾಕ್ ನಂಬಿ ಕೆಳಗೆ ನುಗ್ಗಬೇಡಿ. ಮೊಟ್ಟಮೊದಲು ತುಂಬುವ ಪ್ಲಗ್ ಬಿಚ್ಚಿ. ಎಣ್ಣೆ ಎಲ್ಲಾ ಇಳಿಸಿದ ಮೇಲೆ ತುಂಬುವ ಪ್ಲಗ್ ತುಕ್ಕು ಹಿಡಿದು ಅಲ್ಲಾಡದಿದ್ದರೆ ಗಾಡಿ ಅಲ್ಲೇ ಕೂತಿತು!

ತುಂಬಾ ಪಿಕಪ್ಪುಗಳಲ್ಲಿ ಇಳಿಸುವ ಪ್ಲಗ್ಗೇ ಇಲ್ಲ. ಹಿಂದಿನ ಮುಚ್ಚಳದ ಬೋಲ್ಟುಗಳನ್ನು ಒಂದೊಂದಾಗಿ ಸಡಿಲಿಸಿ, ಮೇಲಿನ ಎರಡನ್ನು ಬಿಟ್ಟು ಉಳಿದದ್ದು ತೆಗೆದು, ಕೆಳಗಿನಿಂದ ಮೆಲ್ಲಗೆ ಮೀಟಿದರೆ ಎಣ್ಣೆ ಇಳಿಯುತ್ತೆ. ಅಗಲವಾದ ತಟ್ಟೆ ಇಟ್ಟುಕೊಳ್ಳಿ.

ಈಗ ನಿಂತು ನೋಡಿ. ಅಯಸ್ಕಾಂತದ ಮೇಲೆ ವಿಭೂತಿಯಂಥ ನುಣ್ಣನೆಯ ಬೂದು ಹಿಟ್ಟು ಇದ್ದರೆ ಅದು ವರ್ಷಗಳ ಸಹಜ ಸವೆತ. ಬೆರಳಿಗೆ ಚುಚ್ಚುವ ಚೂರು, ಹಲ್ಲಿನ ತುಂಡು ಸಿಕ್ಕರೆ ಎಣ್ಣೆಯಿಂದ ಆಗುವ ಕೆಲಸ ಮುಗಿದಿದೆ, ಮೆಕ್ಯಾನಿಕ್ ಹತ್ತಿರ ಹೋಗಿ. ಎಣ್ಣೆ ಕಾಫಿಗೆ ಹಾಲು ಬೆರೆಸಿದಂತಿದ್ದರೆ ನೀರು ಸೇರಿದೆ. ದೋಣಿ ಇಳಿಸುವಾಗ ಕಾದ ಆಕ್ಸಲ್ಲು ತಣ್ಣೀರಿಗೆ ಮುಳುಗುತ್ತೆ, ಒಳಗಿನ ಗಾಳಿ ಥಟ್ಟನೆ ಕುಗ್ಗಿ ಬ್ರೀದರ್ ಅಥವಾ ಸೀಲಿನಿಂದ ನೀರು ಎಳೆದುಕೊಳ್ಳುತ್ತೆ. ಮ್ಯಾನ್ಯುಯಲ್ ‘ಜೀವಮಾನ’ ಅಂದಿದ್ದರೂ ಮುಳುಗಿದ ಆಕ್ಸಲ್ಲಿನ ಎಣ್ಣೆ ಬದಲಿಸಲೇಬೇಕು. ಬ್ರೀದರ್ ಕಟ್ಟಿಕೊಂಡಿದೆಯಾ ಅಂತಲೂ ನೋಡಿ. ಅದು ಕಟ್ಟಿದರೆ ಕಾದ ಗಾಳಿಗೆ ಬೇರೆ ದಾರಿ ಇಲ್ಲದೆ ಸೀಲುಗಳಿಂದ ಎಣ್ಣೆ ತಳ್ಳುತ್ತೆ. ಹೊಸ ಸೀಲ್ ಹಾಕಿದರೂ ಮತ್ತೆ ಸೋರುತ್ತೆ.

ಹಳೇ ಗ್ಯಾಸ್ಕೆಟ್ ಪೂರ್ತಿ ಕೆರೆದು, ಜಿಡ್ಡು ಒರೆಸಿ, ಆರ್‌ಟಿವಿ ಸಿಲಿಕೋನ್ ಒಂದೇ ಗೆರೆಯಾಗಿ, ಬೋಲ್ಟಿನ ತೂತುಗಳ ಒಳಬದಿಯಿಂದ ಎಳೆಯಿರಿ. ಮುಚ್ಚಳ ಕೂರಿಸಿ ಬೋಲ್ಟುಗಳನ್ನು ಎದುರುಬದುರಾಗಿ ಬಿಗಿಯಿರಿ. ಸಿಲಿಕೋನ್ ಟ್ಯೂಬಿನ ಮೇಲೆ ಎಷ್ಟು ಹೊತ್ತು ಒಣಗಬೇಕು ಅಂತ ಇರುತ್ತೋ ಅಷ್ಟು ಬಿಟ್ಟು ಎಣ್ಣೆ ತುಂಬಿ. ಮಾಡಿಫೈಯರ್ ಬೇಕಿದ್ದರೆ ಅದನ್ನು ಮೊದಲು ಹಾಕಿ, ಆಮೇಲೆ ಉಳಿದ ಎಣ್ಣೆ. ಈಗಾಗಲೇ ಬೆರೆಸಿದ ಎಣ್ಣೆಯಾದರೆ ಮತ್ತೆ ಸೇರಿಸುವ ಅಗತ್ಯ ಸಾಮಾನ್ಯವಾಗಿ ಇರೋದಿಲ್ಲ. ಎಷ್ಟು ತುಂಬಬೇಕು, ತೂತಿನ ಅಂಚಿಗೋ ಅದಕ್ಕಿಂತ ಸ್ವಲ್ಪ ಕೆಳಗೋ ಅನ್ನೋದನ್ನು ಮ್ಯಾನ್ಯುಯಲ್ಲಿನಲ್ಲಿ ನೋಡಿ. ಜಾಸ್ತಿ ತುಂಬಿದರೆ ಅದೂ ಸೀಲಿನಿಂದಲೇ ಹೊರಗೆ ಬರೋದು.

ಹಳೇ ಎಣ್ಣೆಯನ್ನು ನೆಲಕ್ಕೆ ಸುರಿಯಬೇಡಿ, ಅಮೆರಿಕಾದಲ್ಲಿ ಬಿಡಿಭಾಗ ಮಾರುವ ಹಲವು ಅಂಗಡಿಗಳು ಅದನ್ನು ಪುಕ್ಕಟೆ ತಗೊಳ್ಳುತ್ತವೆ. ಕೊನೆಗೆ ಮುಚ್ಚಳದ ಮೇಲೆ ಪೇಂಟ್ ಪೆನ್ನಿನಿಂದ ತಾರೀಕು, ಮೈಲಿ, ಹಾಕಿದ ಎಣ್ಣೆಯ ದರ್ಜೆ ಬರೆದಿಡಿ. ಐವತ್ತು ಮೈಲಿ ಓಡಿಸಿ ಬಂದು ಮುಚ್ಚಳದ ಅಂಚಿಗೆ ಒಮ್ಮೆ ಬೆರಳಾಡಿಸಿ ನೋಡಿ. ಒಣಗಿದ್ದರೆ ಕೆಲಸ ಸರಿಯಾಗಿದೆ.